ಎದೆಮಟ್ಟದ ನೀರು

ಬೆನಕಪ್ಪ ಸತ್ತು ಮೂರು ವರ್ಷವಾಗುವ ಹೊತ್ತಿಗೆ ನಮ್ಮ ಕಯಾಕ್ ಬಳಗದಲ್ಲಿ ದೋಣಿಗಳಿಗಿಂತ ಬ್ಯಾನರುಗಳೇ ಹೆಚ್ಚಾಗಿದ್ದವು. ದೋಣಿ ಮೂರು, ಅವುಗಳಲ್ಲಿ ಎರಡರ ತಳ ಬಿರುಕು ಬಿಟ್ಟಿತ್ತು. ಬ್ಯಾನರು ಐದು, ಒಂದಕ್ಕೂ ಒಂದು ಹರಕಿರಲಿಲ್ಲ. ಸದಸ್ಯರು ಇಪ್ಪತ್ತೆರಡು ಮಂದಿ, ಕಡೂರಿನವರು, ತರೀಕೆರೆಯವರು, ಅಜ್ಜಂಪುರದವರು. ಅವರಲ್ಲಿ ಹೊಳೆಗೆ ಇಳಿದವರು ಏಳು. ಉಳಿದವರು ಹೊಳೆಯ ಬಗ್ಗೆ ಮಾತಾಡುವವರು. ಈ ಮಾತಾಡುವವರು ಪ್ರತಿ ಅಕ್ಟೋಬರಿನಲ್ಲಿ ಲಕ್ಕವಳ್ಳಿಯ ಕೆಳಗೆ ಭದ್ರಾ ದಂಡೆಯಲ್ಲಿ ಶಾಮಿಯಾನ ಹಾಕಿಸಿ, ಬೆನಕಪ್ಪನ ಫೋಟೊಗೆ ಹಾರ ಹಾಕಿ, ಅವನ ಹೆಸರಿನಲ್ಲಿ ಉಪ್ಪಿಟ್ಟು ತಿಂದು ಬರುತ್ತಿದ್ದರು. ಅದಕ್ಕೆ ಸ್ಮರಣೆ ದಿನ ಎಂದು ಹೆಸರು.

ನಾನೂ ತಿಂದಿದ್ದೇನೆ. ಎರಡು ವರ್ಷ.

ಫೋಟೊದ ಪಕ್ಕ ನಿಂತು ಅಧ್ಯಕ್ಷರು ಓದುವ ಭಾಷಣ ಬರೆಯುತ್ತಿದ್ದವನೂ ನಾನೇ. ಬಿ.ಎ. ಮಾಡಿದ್ದೆ. ಕಡೂರಿನ ತಾಲ್ಲೂಕು ಕಚೇರಿಯ ಎದುರು ಒಂದು ಟೈಪಿಂಗ್ ಅಂಗಡಿಯಲ್ಲಿ ಕೂತು ಜನರ ಅರ್ಜಿ ಟೈಪು ಮಾಡುತ್ತಿದ್ದೆ. ಖಾತೆ ಬದಲಾವಣೆ, ಹದ್ದುಬಸ್ತು, ವಿಧವಾ ವೇತನ. ಮಾತು ಕಡಿಮೆ. ಮಾತು ಕಡಿಮೆ ಇರುವವನಿಗೆ ಆಳ ಹೆಚ್ಚು ಎಂದು ಜನ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ.

ಅಧ್ಯಕ್ಷರು ಎಂದರೆ ಓಂಕಾರಮೂರ್ತಿ. ಕಡೂರಿನಲ್ಲಿ ಅವರದು ತೆಂಗಿನಕಾಯಿ ಮಂಡಿ. ಅವರಿಗೆ ನೀರೆಂದರೆ ಭಯ. ಮೊಣಕಾಲಿನ ಮೇಲೆ ನೀರು ಬಂದರೆ ದಂಡೆಗೆ ಹತ್ತಿಬಿಡುತ್ತಿದ್ದರು. ಆದರೆ ೧೯೮೨ರಲ್ಲಿ ಬೆಂಗಳೂರಿಗೆ ಕಾಯಿ ಹಾಕಿ ವಾಪಸು ಬರುವ ಲಾರಿ ಖಾಲಿ ಬರಬಾರದೆಂದು ಯಾರೋ ಮಾರುತ್ತಿದ್ದ ಮೂರು ಹಳೆಯ ಫೈಬರ್ ಕಯಾಕ್ ಹೇರಿಸಿಕೊಂಡು ಬಂದರು. ಎರಡೂ ತುದಿ ಚೂಪು, ಮೇಲೆ ಮುಚ್ಚಿಗೆ, ನಡುವೆ ಒಂದು ತೂತು. ಆ ತೂತಿನಲ್ಲಿ ಸೊಂಟದವರೆಗೆ ತೂರಿಕೊಂಡು, ಕಾಲು ಮುಂದಕ್ಕೆ ಚಾಚಿ, ಒಬ್ಬನೇ ಕೂತು ಹುಟ್ಟು ಹಾಕಬೇಕು. ಲಾರಿಯಿಂದ ಇಳಿಸುವಾಗ ಹಮಾಲಿಗಳು ಅವನ್ನು ಹಾಗಲಕಾಯಿ ಎಂದರು. ಓಂಕಾರಮೂರ್ತಿ ಸಾಹಸ ಎಂದರು. ಹೀಗೆ ಬಳಗ ಹುಟ್ಟಿತು.

ಮೂರನೆಯ ವರ್ಷದ ಸ್ಮರಣೆಗೆ ಎಂಟು ದಿನ ಇರುವಾಗ ಮಂಡಿಗೆ ಹೇಳಿಕಳಿಸಿದರು.

"ಬಾರಯ್ಯ ಚಂದ್ರಶೇಖರ. ಈ ಸಲ ಹೋದ್ಸಲಕ್ಕಿಂತ ಜೋರಾಗಿರ್ಬೇಕು. ಶಿವಮೊಗ್ಗದಿಂದ ಪೇಪರಿನವರನ್ನ ಕರ್ದಿದೀನಿ."

"ಏನು ಜೋರಾಗಿರ್ಬೇಕು ಓಂಕಾರಣ್ಣ?"

"ದುಃಖ ಕಣಯ್ಯ, ದುಃಖ! ಹೋದ್ಸಲ ಬರ್ದಿದ್ಯಲ್ಲ, ಜಲಮಾತೆ ತನ್ನ ಮುದ್ದಿನ ಮಗನ್ನ ಮಡಿಲಿಗೆ ಕರ್ಕೊಂಡ್ಳು ಅಂತ. ಅಜ್ಜಂಪುರದ ಈರಭದ್ರಪ್ಪ ಗಳಗಳ ಅತ್ತುಬಿಟ್ಟ. ಅವನು ಬೆನಕನ್ನ ನೋಡೇ ಇರ್ಲಿಲ್ಲ. ನೋಡ್ದೇ ಇದ್ದೋನನ್ನ ಅಳ್ಸಿದ್ಯಲ್ಲ, ಅದಪ್ಪ ಬರವಣಿಗೆ ಅಂದ್ರೆ."

ನಾನು ಸುಮ್ಮನಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

"ಇನ್ನೊಂದು ಕೆಲ್ಸ. ಪಾಪಮ್ಮನ್ನ ಹೆಂಗಾದ್ರೂ ಮಾಡಿ ಕರ್ಕೊಂಬಾ. ಎರಡು ವರ್ಷದಿಂದ ಬಂದಿಲ್ಲ ಆವಮ್ಮ. ತಾಯಿ ಮುಂದ್ಗಡೆ ಕೂತಿದ್ರೆ ಫೋಟೊಗೆ ಒಂದು ಕಳೆ. ಶಾಲು ಹೊದ್ಸಿ, ಬೆಳ್ಳಿ ಬಣ್ಣದ ಕಯಾಕ್ ಮಾಡ್ಸಿದೀನಿ ಇಷ್ಟುದ್ದ, ಅದನ್ನ ಕೈಗೆ ಕೊಡೋದು. ನೀನು ಅವನ ಜೀವದ ಗೆಳೆಯ, ನಿನ್ ಮಾತು ತೆಗೆದುಹಾಕಲ್ಲ."

ಜೀವದ ಗೆಳೆಯ. ಆ ಮಾತನ್ನೂ ಮೊದಲ ವರ್ಷದ ಭಾಷಣಕ್ಕೆ ನಾನೇ ಬರೆದುಕೊಟ್ಟಿದ್ದು.

ಮರುದಿನ ಬಸ್ಸು ಹತ್ತಿ ದೇವನೂರಿಗೆ ಹೋದೆ. ಬೆನಕಪ್ಪನದೂ ನನ್ನದೂ ಅದೇ ಊರು, ಅಕ್ಕಪಕ್ಕದ ಬೀದಿ. ಪಾಪಮ್ಮ ಹಿತ್ತಲಲ್ಲಿ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಬಿಡಿಸುತ್ತಿದ್ದರು. ದೊಡ್ಡ ಮಗ ಹೊಲಕ್ಕೆ ಹೋಗಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಂದ್ಯೇನಪ್ಪ. ಕುಂತ್ಕೊ. ಆ ದಿನಕ್ಕೆ ಕರ್ಯಕ್ ಬಂದಿದ್ರೆ, ನಾನ್ ಬರಾಕಿಲ್ಲ."

"ಶಾಲು ಹೊದಿಸ್ತಾರಂತೆ ಅವ್ವ," ಎಂದೆ. ಎಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ಶಾಲು ಹೊದ್ಕಂಡು ಎಲ್ಲಿಗ್ ಹೋಗ್ಲಪ್ಪ? ಬಾವಿ ತಾವ್ಕೇ ಹೋಗಕ್ ಆಗಾಕಿಲ್ಲ ನಂಗೆ. ಎಲ್ರೂ ಸೇದ್ಕಂಡು ಹೋದ್ಮ್ಯಾಲೆ, ನೆತ್ತಿ ಸುಡೋ ಬಿಸ್ಲಲ್ಲಿ ಹೋಗ್ ತತ್ತೀನಿ ನೀರ. ಮೂರು ವರ್ಸ ಆಯ್ತು." ಒಂದು ಕಾಯಿ ಎತ್ತಿ ಮೊನೆಗೆ ಬಡಿದರು. "ಹುಲಿಗೆಮ್ಮ ಕೇಳ್ತಾಳೆ, ಪಾಪಕ್ಕ, ಬಾವಿ ತಳದಿಂದ ಬಿಂದ್ಗೆ ತರ್ತಿದ್ದೋನು ಎದೆಮಟ್ಟದ ನೀರಲ್ಲಿ ಹೆಂಗ್ ಸತ್ತ, ಅಂತ. ಕೇಳ್ಬುಟ್ಟು ಅವ್ಳೇ ಯೋಳ್ತಾಳೆ, ಕುಡ್ದಿದ್ನೇನೋ ಬುಡು, ಹುಡುಗ್ರು, ಅಂತ. ಮಿಕ್ಕೋರು ಬಿಂದ್ಗೆ ನೋಡ್ತಾ ನಿಂತಿರ್ತಾರೆ."

ನಾನು ಹಿತ್ತಲ ಜಗಲಿಯ ಅಂಚಿನಲ್ಲಿ ಕೂತಿದ್ದೆ.

"ಕುಡ್ದಿದ್ನಾ?"

"ಇಲ್ಲ."

"ನೀನ್ ಅಲ್ಲೇ ಇದ್ದೆ."

"ಇದ್ದೆ."

"ಹಂಗಾರೆ ಹೆಂಗ್ ಸತ್ತ?"

ನಾನು ತೊಲೆಯ ಕಡೆ ನೋಡಿದೆ. ಅಲ್ಲಿ ಹಗ್ಗದಲ್ಲಿ ಜೋಡಿ ಕಟ್ಟಿದ ಎರಡು ಒಣ ತೆಂಗಿನಕಾಯಿ ನೇತಾಡುತ್ತಿದ್ದವು. ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿತ್ತು. ನಾವಿಬ್ಬರೂ ಈಜು ಕಲಿತದ್ದು ಅದೇ ಜೋಡಿಯನ್ನು ಎದೆಯ ಕೆಳಗೆ ಹಾಕಿಕೊಂಡು.

"ಮೂರು ವರ್ಸದಿಂದ ಹಿಂಗೇ ಕಣಪ್ಪ ನೀನು. ಬತ್ತೀಯ, ನೀರ್ ಕುಡೀತೀಯ, ಮ್ಯಾಕ್ ನೋಡ್ತೀಯ, ಹೋಗ್ತೀಯ. ನಿನ್ ಬಾಯ್ಗೆ ಯಾರಾದ್ರೂ ಬೀಗ ಹಾಕವ್ರಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಮೈಕಲ್ಲಿ ಯೋಳ್ಸು. ನನ್ ಮಗ ಕುಡ್ದಿರ್ಲಿಲ್ಲ, ಹಿಂಗಿಂಗಾಗಿ ಸತ್ತ ಅಂತ ನಾಕ್ ಜನದ ಮುಂದೆ ಯೋಳ್ಸು. ಯೋಳ್ಸ್ತೀನಿ ಅಂದ್ರೆ ಬತ್ತೀನಿ. ಶಾಲು ಬ್ಯಾಡ."

"ಹೇಳಿಸ್ತೀನಿ," ಎಂದೆ.

ಹೇಳುತ್ತೇನೆ ಎನ್ನಲಿಲ್ಲ. ಹೇಳಿಸುತ್ತೇನೆ ಎಂದೆ. ಅರ್ಜಿ ಟೈಪು ಮಾಡುವವನ ಬುದ್ಧಿ ಅದು, ಎಲ್ಲವನ್ನೂ ಬೇರೆಯವರ ಸಹಿಯಲ್ಲಿ ಮುಗಿಸುವುದು.

ಬಯಲುಸೀಮೆಯ ನಮಗೆ ನೀರೆಂದರೆ ನಿಂತ ನೀರು. ತೋಟದ ಬಾವಿ, ಮಳೆಯಾದರೆ ಕೆರೆ. ಬಾವಿಯಲ್ಲಿ ಈಜು ಕಲಿಸುವವರು ಎಲ್ಲ ಹುಡುಗರಿಗೂ ಹೇಳುವುದು ಒಂದೇ ಮಾತು. ಮುಳುಗಿದರೆ ಕೈಕಾಲು ಬಡಿಯಬೇಡ. ಸುಮ್ಮನೆ ಇಳಿ. ತಳ ಸಿಗುತ್ತದೆ. ಕಾಲೂರು, ಒದಿ, ಮೇಲೆ ಬರುತ್ತೀಯ. ನಮ್ಮ ಕಡೆಯ ಗಂಡಸರಿಗೆ ಈ ಮಾತು ಕಾಲಿನಲ್ಲೇ ಕೂತಿರುತ್ತದೆ, ತಲೆಯವರೆಗೆ ಹೋಗುವುದಿಲ್ಲ. ಬೆನಕಪ್ಪನಿಗಂತೂ ತಳವೆಂದರೆ ಪ್ರೀತಿ. ಸೇದುವ ಬಾವಿಯಲ್ಲಿ ಬಿಂದಿಗೆ ಬಿದ್ದು, ಪಾತಾಳಗರಡಿಯ ಕೊಕ್ಕೆಗೂ ಸಿಗದಿದ್ದರೆ ಹೆಂಗಸರು ಅವನನ್ನು ಕರೆಯುತ್ತಿದ್ದರು. ಹಗ್ಗ ಹಿಡಿದು ಇಳಿದು, ಮುಳುಗಿ, ಎರಡು ನಿಮಿಷಕ್ಕೆ ಬಿಂದಿಗೆ ಸಮೇತ ಎದ್ದು ಬಂದು, "ಲೇ ಚಂದ್ರ, ಕೆಳ್ಗೆ ಎಷ್ಟು ತಂಪಾಗದೆ ಗೊತ್ತೇನೋ, ಅಲ್ಲೇ ಒಂದು ಮನೆ ಮಾಡ್ಬೇಕು ಕಣೋ," ಎನ್ನುತ್ತಿದ್ದ. ಹುಲಿಗೆಮ್ಮನ ಬಿಂದಿಗೆಯನ್ನೇ ಮೂರು ಸಲ ತಂದುಕೊಟ್ಟಿದ್ದ.

ಇಂಥವನು ಕಯಾಕಿಗೆ ಬಂದದ್ದು ಕುತೂಹಲಕ್ಕೆ. ನಾನು ಬಂದದ್ದು ಅವನು ಬಂದ ಎಂದು. ಒಂದು ವರ್ಷ ಕೆರೆಯಲ್ಲಿ ಹುಟ್ಟು ಹಾಕುವುದು ಕಲಿತೆವು. ಮಗುಚಿದರೆ ತೂತಿನಿಂದ ಜಾರಿಕೊಂಡು ಹೊರಬರುವುದು ಕಲಿತೆವು. ನಿಂತ ನೀರಿನಲ್ಲಿ ಅದೇನು ಕಷ್ಟವಲ್ಲ. ೧೯೮೩ರ ಅಕ್ಟೋಬರಿನಲ್ಲಿ ಓಂಕಾರಮೂರ್ತಿಗೆ ಇದು ಸಾಲದು ಎನಿಸಿತು. ಭದ್ರೆಯಲ್ಲಿ ಒನಕೆಗಂಡಿ ಎಂಬ ಜಾಗವಿದೆ. ಬಂಡೆಗಳ ನಡುವೆ ನೀರು ಕಿರಿದಾಗಿ ನುಗ್ಗಿ, ನೊರೆಯಾಗಿ, ಕೆಳಗೆ ಕಲ್ಲುಹಾಸಿನ ಮೇಲೆ ತೆಳ್ಳಗೆ ಹರಡಿ ಓಡುತ್ತದೆ. ಅಲ್ಲಿ ಇಳಿದರೆ ನಾವು ನಿಜವಾದ ಬಳಗ ಎಂದರು. ಲಾರಿ ಹತ್ತಿ ಎಲ್ಲರೂ ಹೊರಟೆವು.

ಲಾರಿಯಲ್ಲೇ ಆದದ್ದು ಅದು. ನನ್ನ ಹತ್ತಿರ ಒಂದು ನೋಟ್‌ಬುಕ್ ಇರುತ್ತಿತ್ತು. ಯಾರಿಗೂ ತೋರಿಸುತ್ತಿರಲಿಲ್ಲ, ತೋರಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವಂತೆ ನೋಡಿಕೊಳ್ಳುತ್ತಿದ್ದೆ. ಬೆನಕಪ್ಪ ಚೀಲಕ್ಕೆ ಕೈ ಹಾಕಿ ಅದನ್ನು ತೆಗೆದು, ತರೀಕೆರೆ ದಾಟುವಾಗ, ಎದ್ದು ನಿಂತು ಗಟ್ಟಿಯಾಗಿ ಓದಿದ.

"ಮೌನವೇ ನನ್ನ ತಾಯ್ನುಡಿ!"

ಆಮೇಲೆ ನನ್ನ ಕಡೆ ತಿರುಗಿ, "ಲೇ ಚಂದ್ರ, ಹಂಗಾರೆ ನಿಮ್ಮವ್ವ ನಿನ್ನ ಉಣ್ಣಕ್ಕೆ ಹೆಂಗೋ ಕರೀತಿದ್ಲು?" ಎಂದ.

ಲಾರಿಯೇ ಕುಲುಕುವ ಹಾಗೆ ನಕ್ಕರು. ಡ್ರೈವರೂ ನಕ್ಕ. ಈಗ ಯೋಚಿಸಿದರೆ ನನಗೂ ನಗು ಬರುತ್ತದೆ. ಆ ಪುಸ್ತಕದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ಇನ್ನೂ ಯಾರೂ ಆಡಿಲ್ಲ. ಆವತ್ತು ಮಾತ್ರ ನಾನು ಪುಸ್ತಕ ಕಿತ್ತುಕೊಂಡು ಮೂಲೆಗೆ ಸರಿದೆ. ಅವನಾಗಿ ತಪ್ಪಾಯಿತು ಎನ್ನುವವರೆಗೆ ಅವನ ಜೊತೆ ಮಾತಾಡಬಾರದೆಂದು ನಿಶ್ಚಯಿಸಿದೆ. ರಾತ್ರಿ ಊಟಕ್ಕೆ ಕರೆದ, ಓಗೊಡಲಿಲ್ಲ. ಬೆಳಿಗ್ಗೆ ಟೀ ತಂದುಕೊಟ್ಟ, ಅವನೆದುರೇ ಬೇರೆಯವರಿಗೆ ದಾಟಿಸಿದೆ.

ಆ ಬೆಳಿಗ್ಗೆ ನಾವು ಉಳಿದಿದ್ದ ಮನೆಯಲ್ಲಿ ಓಂಕಾರಮೂರ್ತಿ ಒಂದು ಬಾಟಲಿ ತೆಗೆದಿದ್ದರು. ಚಳಿ ಎಂದು ಅವರೂ ಇನ್ನು ಮೂರು ಮಂದಿಯೂ ಕುಡಿದರು. ಬೆನಕಪ್ಪ ಮುಟ್ಟಲಿಲ್ಲ. "ನೀರಿಗೆ ಇಳ್ಯೋನು ನಾನು, ಬೆಚ್ಚಗಾಗ್ತಿರೋರು ನೀವು," ಎಂದು ನಕ್ಕ. ಕುಡಿದ ನಾಲ್ವರಲ್ಲಿ ಒಬ್ಬರೂ ಆ ದಿನ ದೋಣಿ ಹತ್ತಲಿಲ್ಲ.

ಗಂಡಿಯ ಕೆಳಗೆ ಹರಿಗೋಲು ಇಟ್ಟುಕೊಂಡು ಕಾಯಲು ಸಣ್ಣಬೀರಪ್ಪನನ್ನು ಗೊತ್ತುಮಾಡಿದ್ದರು. ಅವನು ಅಲ್ಲಿಯವನೇ, ಮೂವತ್ತು ವರ್ಷದಿಂದ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದವನು. ನೀರನ್ನು ನೋಡಿ ಅವನು ಏನೋ ಹೇಳಲು ಹೊರಟಾಗ ಓಂಕಾರಮೂರ್ತಿ ಕೈಯೆತ್ತಿದರು.

"ಏ ಬೀರಪ್ಪ, ಹರಿಗೋಲಿನ ಪಾಠ ಇಲ್ಲಿ ಬೇಡ. ಇದು ಫೈಬರ್. ಪುಸ್ತಕ ಓದ್ಕೊಂಡ್ ಬಂದಿದೀವಿ. ನೀನು ಕೆಳಗೋಗಿ ಹಗ್ಗ ಹಿಡ್ಕೊ."

ಸಣ್ಣಬೀರಪ್ಪ ಇಳಿಯುವ ಮೊದಲು ನನ್ನ ಹತ್ತಿರ ಬಂದ. ಸುಮ್ಮನೆ ನಿಂತಿದ್ದವನು ನಾನೊಬ್ಬನೇ. ಸುಮ್ಮನಿರುವವನು ಕೇಳಿಸಿಕೊಳ್ಳುತ್ತಾನೆ ಎಂದು ನಂಬಿರಬೇಕು ಪಾಪ.

"ಡಿಗ್ರಿ ಸ್ವಾಮೇರೆ, ಆ ಮೊದ್ಲು ಇಳಿಯೋನು ನಿಮ್ಮೂರೋನಂತಲ್ಲ. ಬಾವಿ ಈಜೋನಾ?"

"ಹೂಂ."

"ಬಾವಿಯೋರು ನೆಲ ಹುಡುಕ್ತಾರೆ. ಇಲ್ಲಿ ನೆಲ ನಂಬಂಗಿಲ್ಲ. ಕೆಳ್ಗೆಲ್ಲ ಕಲ್ಲಿನ ಸಂದು. ದೋಣಿ ಮಗುಚಿದ್ರೆ ಅಂಗಾತ ಬಿದ್ಕೊಂಡು ಕಾಲು ನೀರಿನ ಮ್ಯಾಲೆ ಮುಂದ್ಕೆ ಬುಟ್ಕೊಂಡು ಬರ್ಲಿ, ನಾನ್ ಹಿಡ್ಕತೀನಿ. ಎದೆಮಟ್ಟ ಸಿಕ್ತು ಅಂತ ಕಾಲೂರ್ಬುಟ್ಟ ಅಂದ್ರೆ ಕೆಟ್ಟ. ಆಳಕ್ಕಿಂತ ಎದೆಮಟ್ಟವೇ ಇಲ್ಲಿ ಕೆಟ್ಟದ್ದು. ನಾನ್ ಯೋಳಿದ್ರೆ ಯಜಮಾನ್ರು ಬುಡಾಕಿಲ್ಲ. ನೀವೊಂದ್ ಮಾತು ಆ ಹುಡುಗನ ಕಿವಿಗೆ ಹಾಕ್ಬುಡಿ."

"ಹೂಂ," ಎಂದೆ.

ಬೆನಕಪ್ಪ ಹದಿನೈದು ಮಾರು ದೂರದಲ್ಲಿ ದೋಣಿಯೊಳಗೆ ಕಾಲು ತೂರಿಸಿಕೊಳ್ಳುತ್ತಿದ್ದ. ಅವನು ನೀರಿಗೆ ಜಾರಲು ಹತ್ತು ನಿಮಿಷವಾದರೂ ಇತ್ತು. ನಾನು ಎರಡು ಹೆಜ್ಜೆ ಇಟ್ಟೆ. ಅವನು ತಲೆಯೆತ್ತಿ ನೋಡಿ, ಹುಟ್ಟು ಎತ್ತಿ, "ಏನೋ? ಇನ್ನೂ ಮುನ್ಸಾ?" ಎಂದು ನಕ್ಕ.

ತಪ್ಪಾಯಿತು ಎನ್ನಲಿಲ್ಲವಲ್ಲ. ನಾನು ಮುಖ ತಿರುಗಿಸಿ ದಂಡೆಯ ಮೇಲೆ ನಡೆದುಹೋದೆ.

ಗಂಡಿಯ ಬಾಯಲ್ಲೇ ದೋಣಿ ಮಗುಚಿತು. ಅವನು ಹೊರಬಂದ, ಚೆನ್ನಾಗಿಯೇ ಬಂದ. ತೊಟ್ಟಿದ್ದ ತೇಲುವ ಜಾಕೀಟು ಎತ್ತಿ ಹಿಡಿದಿತ್ತು, ತಲೆ ನೀರಿನ ಮೇಲಿತ್ತು. ನೊರೆ ದಾಟಿ ಕೆಳಗಿನ ತೆಳು ನೀರಿಗೆ ಬಂದ. ನಾವೆಲ್ಲ ಮುಗಿಯಿತು ಎಂದು ಚಪ್ಪಾಳೆ ತಟ್ಟಿದೆವು. ಆಗ ಅವನು ಎದ್ದು ನಿಂತ. ಎದೆಮಟ್ಟದ ನೀರಿನಲ್ಲಿ, ಬಾವಿಯ ತಳ ಸಿಕ್ಕವನ ಹಾಗೆ, ಮುಖದ ತುಂಬ ನಗುತ್ತ ನಿಂತ. ಮರುಕ್ಷಣವೇ ನೀರು ಅವನನ್ನು ಬೆನ್ನ ಮೇಲಿಂದ ಮುಂದಕ್ಕೆ ಮಡಿಸಿ ಹಾಕಿತು. ಬಲಗಾಲು ಕಲ್ಲಿನ ಸಂದಿಗೆ ಸಿಕ್ಕಿತ್ತು. ಸಣ್ಣಬೀರಪ್ಪ ಕೆಳಗಿನಿಂದ, "ಊರ್ಬ್ಯಾಡ, ಊರ್ಬ್ಯಾಡ," ಎಂದು ಕೂಗುತ್ತಲೇ ಇದ್ದ. ನೀರಿಗೆದುರಾಗಿ ಹರಿಗೋಲು ಮೇಲೆ ಬರಲಿಲ್ಲ. ಹಗ್ಗ ಕಟ್ಟಿಕೊಂಡು ನಾಲ್ವರು ಇಳಿದು ಅವನನ್ನು ಬಿಡಿಸುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಬೆನಕಪ್ಪ ಕುಡಿದಿದ್ದ ಎಂದು ಓಂಕಾರಮೂರ್ತಿ ಎಲ್ಲಿಯೂ ಹೇಳಲಿಲ್ಲ. ಅಷ್ಟು ಒರಟರಲ್ಲ ಅವರು. ಕೇಳಿದವರಿಗೆಲ್ಲ ನಿಟ್ಟುಸಿರಿಟ್ಟು, "ಹುಡುಗಾಟ ಕಣ್ರೀ. ಹೇಳಿದ್ ಮಾತು ಕೇಳ್ಲಿಲ್ಲ. ಬೆಳಿಗ್ಗೆಯಿಂದ್ಲೇ ಎಲ್ಲಾ ಸ್ವಲ್ಪ ಖುಷಿಯಾಗಿದ್ರು," ಎಂದು ಅಲ್ಲಿಗೆ ನಿಲ್ಲಿಸುತ್ತಿದ್ದರು. ಖಾಲಿ ಬಾಟಲಿ ನೋಡಿದವರು ಉಳಿದದ್ದನ್ನು ತಾವೇ ಸೇರಿಸಿಕೊಂಡರು. ಮಾತು ನಮಗಿಂತ ಮೊದಲೇ ದೇವನೂರು ತಲುಪಿತ್ತು. ನಾನು ತಡೆಯಲಿಲ್ಲ. ತಡೆಯಬೇಕಾದರೆ ಹೇಗೆ ಸತ್ತ ಎನ್ನಬೇಕು, ಅದನ್ನು ಹೇಳಿದರೆ ನನಗೆ ಮೊದಲೇ ಗೊತ್ತಿತ್ತು ಎನ್ನಬೇಕು. ಅದರ ಬದಲು ಜಲಮಾತೆಯ ಮಡಿಲು ಬರೆದೆ.

ಮೂರನೆಯ ವರ್ಷದ ಭಾಷಣಕ್ಕೂ ಮಡಿಲು ಬರೆದೆ, ತೊಟ್ಟಿಲೂ ಸೇರಿಸಿದೆ. ಎರಡನೆಯ ಪುಟದ ನಡುವೆ, ದುಃಖದ ಎರಡು ಸಾಲುಗಳ ಮಧ್ಯೆ, "ಬೆನಕಪ್ಪ ಅಂದು ಒಂದು ಹನಿಯನ್ನೂ ಕುಡಿದಿರಲಿಲ್ಲ" ಎಂದು ತುರುಕಿ ಟೈಪು ಮಾಡಿ ಕೊಟ್ಟೆ. ಹೇಗೆ ಸತ್ತ ಎಂಬುದನ್ನು ಬಿಟ್ಟೆ. ಮಾತು ಉಳಿಸಿಕೊಂಡೆ ಎಂದು ಸಮಾಧಾನವಾಯಿತು.

ಆ ದಿನ ಪಾಪಮ್ಮ ಒಗೆದ ಸೀರೆಯುಟ್ಟು, ಬುತ್ತಿ ಕಟ್ಟಿಕೊಂಡು ಬಂದಿದ್ದರು. ಕಡೂರು, ಬೀರೂರು, ತರೀಕೆರೆ, ಲಕ್ಕವಳ್ಳಿ, ಮೂರು ಬಸ್ಸು. ದಾರಿಯಲ್ಲಿ ಒಂದೇ ಸಲ ಕೇಳಿದರು, "ಯೋಳ್ತಾರಾ?" ಬರೆದು ಕೊಟ್ಟಿದ್ದೇನೆ ಎಂದೆ.

ಶಾಮಿಯಾನದ ಕೆಳಗೆ ಬಳಗವೆಲ್ಲ ಬಳಗದ ಹೆಸರಿರುವ ಹಳದಿ ಅಂಗಿ ತೊಟ್ಟು ಕೂತಿತ್ತು. ಬಿರುಕು ಬಿಟ್ಟ ಎರಡು ದೋಣಿಗಳನ್ನು ವೇದಿಕೆಯ ಎರಡು ಬದಿಗೆ ಬಾಳೆಕಂದಿನ ಹಾಗೆ ನೆಟ್ಟು ಹೂವು ಸುತ್ತಿದ್ದರು; ಬಿರುಕು ಬಿಟ್ಟ ಮೇಲೆ ಆ ದೋಣಿಗಳಿಂದ ಬಳಗಕ್ಕೆ ಆದ ಮೊದಲ ಉಪಯೋಗ ಅದು. ತರೀಕೆರೆಯ ಒಬ್ಬ ವಕೀಲರು ಬೆನಕಪ್ಪನನ್ನು ಮೀನಿಗೆ ಹೋಲಿಸಿದರು. ಅಜ್ಜಂಪುರದ ಈರಭದ್ರಪ್ಪ ಹಂಸಕ್ಕೆ ಹೋಲಿಸಿ, ತನ್ನ ಮಾತಿಗೆ ತಾನೇ ಕಣ್ಣೊರೆಸಿಕೊಂಡ. ಇನ್ನೊಬ್ಬರು, ಸಾವು ಬಂದಾಗಲೂ ಅವನು ನಗುತ್ತಿದ್ದ ಎಂದರು. ಅದೊಂದು ಮಾತ್ರ ನಿಜ, ಹೇಳಿದವರಿಗೆ ಅದು ಗೊತ್ತಿರಲಿಲ್ಲ.

ಕೊನೆಗೆ ಓಂಕಾರಮೂರ್ತಿ ನನ್ನ ಎರಡು ಪುಟ ಹಿಡಿದು ಎದ್ದರು. ಮೊದಲ ಪುಟಕ್ಕೆ ಜನ ಮೂಗು ಸೀಟಿದರು. ಎರಡನೆಯ ಪುಟ. ಮಡಿಲು ಬಂತು, ತೊಟ್ಟಿಲು ಬಂತು, ಅದರ ಮುಂದಿನ ಸಾಲು ಬರಲಿಲ್ಲ. ಹಾಳೆಯ ಹಿಂಬದಿಯಿಂದ ನೋಡಿದರೂ ಆ ಜಾಗದಲ್ಲಿ ಪೆನ್ನಿನಲ್ಲಿ ದಪ್ಪಗೆ ಹೊಡೆದುಹಾಕಿದ್ದು ಬಿಸಿಲಿಗೆ ಕಾಣುತ್ತಿತ್ತು. ತೊಟ್ಟಿಲಿನಿಂದ ನೇರವಾಗಿ "ಅಮರನಾಗಲಿ"ಗೆ ಹಾರಿ ಭಾಷಣ ಮುಗಿಯಿತು. ಚಪ್ಪಾಳೆ. ಶಾಲು ಹಿಡಿದು ಇಬ್ಬರು ಮುಂದೆ ಬಂದರು.

ಮೊದಲ ಸಾಲಿನಲ್ಲಿ ಪಾಪಮ್ಮ ತಿರುಗಿ ನನ್ನನ್ನು ನೋಡಿದರು. ಬಯ್ಯುವ ನೋಟವಲ್ಲ. ಮೂರು ಬಸ್ಸು ಹತ್ತಿ ಬಂದವರು, ವಾಪಸು ಹೋಗಲು ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಕೇಳುವವರ ನೋಟ.

ನಾನು ವೇದಿಕೆಗೆ ಹತ್ತಿ ಮೈಕು ಹಿಡಿದೆ.

"ಬೆನಕಪ್ಪ ಕುಡಿದಿರಲಿಲ್ಲ," ಎಂದೆ. "ಆ ಬೆಳಿಗ್ಗೆ ಬಾಟಲಿ ತೆಗೆದವರು ಅಧ್ಯಕ್ಷರು. ಕುಡಿದ ನಾಲ್ವರಲ್ಲಿ ಇಬ್ಬರು ಈ ವೇದಿಕೆಯ ಮೇಲೇ ಇದ್ದಾರೆ. ಅವನು ಮುಟ್ಟಲಿಲ್ಲ."

"ಚಂದ್ರಶೇಖರ, ಭಾವುಕನಾಗ್ಬೇಡ, ಕೂತ್ಕೊ," ಎಂದರು ಓಂಕಾರಮೂರ್ತಿ ಮೆತ್ತಗೆ. ಆಮೇಲೆ ಮೈಕಿನವನ ಕಡೆ ಬೆರಳು ಆಡಿಸಿದರು. ಮೈಕು ಸತ್ತಿತು.

ಹಿಂದುಗಡೆ ಹೊಳೆಯ ಸದ್ದು. ಜೀವನದಲ್ಲಿ ಗಟ್ಟಿಯಾಗಿ ಮಾತಾಡದವನು ಅದರ ಮೇಲೆ ಕೂಗಬೇಕಾಯಿತು. ದನಿ ಒಡೆಯಿತು, ಕೀರಲಾಯಿತು; ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾವಿ ಈಜಿನವನು ಎದೆಮಟ್ಟದ ನೀರಿನಲ್ಲಿ ಕಾಲೂರಿದ, ಕಾಲು ಕಲ್ಲಿನ ಸಂದಿಗೆ ಸಿಕ್ಕಿತು, ಹಾಗೆ ಸತ್ತ ಎಂದು ಕೂಗಿದೆ. ಕಾಲೂರಬಾರದೆಂದು ಸಣ್ಣಬೀರಪ್ಪ ನನ್ನ ಹತ್ತಿರ ಹೇಳಿಕಳಿಸಿದ್ದ, ನಾನು ಹೇಳಲಿಲ್ಲ ಎಂದು ಕೂಗಿದೆ. ಯಾಕೆ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ ಕೂಗಲು ಆಗಲಿಲ್ಲ. "ಮುನಿಸಿಕೊಂಡಿದ್ದೆ," ಎಂದೆ. ಮೊದಲ ಸಾಲಿಗೆ ಮಾತ್ರ ಕೇಳಿಸಿರಬೇಕು.

ಪಾಪಮ್ಮ ಎದ್ದರು. ಶಾಲು ಹಿಡಿದವರನ್ನು ದಾಟಿ, ಹಿಂದೆ ಅಡುಗೆಯವರ ಪಕ್ಕ ನಿಂತಿದ್ದ, ಎಲ್ಲರೂ ತಿರುಗಿ ನೋಡುತ್ತಿದ್ದ ಸಣ್ಣಬೀರಪ್ಪನ ಹತ್ತಿರ ಹೋದರು.

"ಇಂವ ಯೋಳಿದ್ದು ದಿಟವೇನಪ್ಪ?"

"ದಿಟ ಕಣವ್ವ. ನಿಮ್ ಮಗ ಸುದ್ಧವಾಗಿದ್ದ. ನಗ್ತಾ ನಿಂತ್ಕಂಡ, ಅಷ್ಟೇ."

"ನೀನ್ ಯೋಳ್ಕಳ್ಸಿದ್ದೂ ದಿಟವಾ?"

ಸಣ್ಣಬೀರಪ್ಪ ನನ್ನ ಕಡೆ ಒಮ್ಮೆ ನೋಡಿದ. "ಅದೂ ದಿಟ."

ಅಷ್ಟೇ. ಬಳಗ ಸ್ವಲ್ಪ ಹೊತ್ತು ಗುಸುಗುಸು ಮಾಡಿತು. ಪೇಪರಿನವನು ಬಾಟಲಿಯ ವಿಷಯ ಬರೆದುಕೊಳ್ಳಬಹುದೇ ಎಂದು ಓಂಕಾರಮೂರ್ತಿಯನ್ನೇ ಕೇಳಿದ. ಅವರು ಅವನನ್ನು ತಿಂಡಿಗೆ ಕರೆದುಕೊಂಡು ಹೋದರು. ಉಪ್ಪಿಟ್ಟು ಬಿಸಿಯಾಗಿತ್ತು, ಎಲ್ಲರೂ ತಿಂದರು. ಹಳದಿ ಅಂಗಿಯ ಇಬ್ಬರು ಮಾತ್ರ ತಟ್ಟೆ ಹಿಡಿದು ಸಣ್ಣಬೀರಪ್ಪನ ಹತ್ತಿರ ಹೋಗಿ ಕಾಲು ಹೇಗೆ ಬಿಟ್ಟುಕೊಳ್ಳಬೇಕು ಎಂದು ಕೇಳುತ್ತಿದ್ದರು. ಅವನು ಒಣ ನೆಲದ ಮೇಲೆ ಅಂಗಾತ ಮಲಗಿ ತೋರಿಸುತ್ತಿದ್ದ.

ವಾಪಸು ಕಡೂರಿನವರೆಗೆ ಎರಡು ಬಸ್ಸಿನಲ್ಲೂ ಪಾಪಮ್ಮ ನನ್ನ ಪಕ್ಕವೇ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ತರೀಕೆರೆಯಲ್ಲಿ ಟೀ ತಂದುಕೊಟ್ಟೆ. ತೆಗೆದುಕೊಂಡು, ನನ್ನೆದುರೇ ಪಕ್ಕದ ಸೀಟಿನ ಹೆಂಗಸಿಗೆ ದಾಟಿಸಿದರು. ಬೆನಕಪ್ಪನ ಟೀ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಅದನ್ನು ಇಂದಿಗೂ ಯಾರಿಗೂ ಹೇಳಿಲ್ಲ. ಮೌನದ ಬಗ್ಗೆ ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದಿದ್ದೆ. ಕಿಟಕಿಯ ಕಡೆ ಕೂತು ಅದನ್ನು ಅನುಭವಿಸುವುದು ಹೇಗಿರುತ್ತದೆ ಎಂದು ಒಂದು ಸಾಲೂ ಇರಲಿಲ್ಲ.

ಕಡೂರು ಬಸ್ ಸ್ಟ್ಯಾಂಡಿನಲ್ಲಿ ದೇವನೂರಿನ ಬಸ್ಸು ಹತ್ತುವಾಗ, ಮೆಟ್ಟಿಲ ಮೇಲೆ ನಿಂತು ಹೇಳಿದರು.

"ಮೈಕಲ್ಲಿ ಯೋಳಿದ್ದು ಅವ್ರಿಗಾಯ್ತು. ಅವ್ರು ಯಾರೂ ನಮ್ಮೂರ ಬಾವಿ ನೀರು ಕುಡ್ಯಾಕಿಲ್ಲ. ನಾಳೆ ಬೆಳಿಗ್ಗೆ ಬಾ. ಎಲ್ರೂ ಸೇದಕ್ ಬತ್ತಾರೆ. ಅಲ್ಲಿ ಯೋಳು."

ಮೊದಲ ಬಸ್ಸಿಗೆ ಹೋದೆ. ಬಾವಿಕಟ್ಟೆಯ ಸುತ್ತ ಏಳೆಂಟು ಹೆಂಗಸರಿದ್ದರು, ರಾಟೆ ಕಿರುಗುಟ್ಟುತ್ತಿತ್ತು. ಗಂಡಸು ಬಂದನೆಂದು ಸೆರಗು ಸರಿಮಾಡಿಕೊಂಡರು. ಪಾಪಮ್ಮ ಬಿಂದಿಗೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದರು, ಯಾರ ಹತ್ತಿರವೂ ಹೋಗದೆ. ಅವರು ನನ್ನನ್ನು ಕರೆಯಲಿಲ್ಲ, ಯಾಕೆ ಬಂದಿದ್ದೇನೆಂದು ಆ ಹೆಂಗಸರಿಗೆ ಹೇಳಲೂ ಇಲ್ಲ.

ಮೈಕಿಲ್ಲ, ಹೊಳೆಯ ಸದ್ದಿಲ್ಲ. ಇಲ್ಲಿ ಕೂಗಬೇಕಾಗಿಯೂ ಇರಲಿಲ್ಲ. ಆ ಟೀ ಒಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ, ಮೊದಲಿನಿಂದ. ಈ ಸಲ ನೋಟ್‌ಬುಕ್ಕನ್ನೂ ಹೇಳಿದೆ, ಲಾರಿಯಲ್ಲಿ ಅವನು ಕೇಳಿದ್ದನ್ನೂ ಹೇಳಿದೆ. ಕಿರಿಯ ಹೆಂಗಸೊಬ್ಬಳು ನಗಲು ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಲೂರಿದ ಎಂದಾಗ ಯಾರೂ ಬಿಡಿಸಿ 'ಅಂದರೆ?' ಎಂದು ಕೇಳಲಿಲ್ಲ. ಅವರ ಮಕ್ಕಳೆಲ್ಲ ಕಲಿತದ್ದು ಅದನ್ನೇ.

ಹುಲಿಗೆಮ್ಮ ಹಗ್ಗ ಹಿಡಿದುಕೊಂಡೇ ಕೇಳಿದಳು.

"ನೀನ್ಯಾಕ್ ಯೋಳ್ನಿಲ್ಲ?"

"ಮುನಿಸಿಕೊಂಡಿದ್ದೆ."

"ಏನಂದಿದ್ನೋ ಅಂವ ನಿನ್ನ? ನಿಮ್ಮವ್ವ ಹೆಂಗ್ ಕರೀತಿದ್ಲು ಅಂದಿದ್ದಾ? ಅದಕ್ಕಾ?"

"ಅದಕ್ಕೇ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಿನ್ ಮುನ್ಸಿಗೆ ಬೆಂಕಿ ಹಾಕ," ಎಂದಳು. "ಓದ್ದೋನಂತೆ, ಓದ್ದೋನು." ಪಕ್ಕಕ್ಕೆ ಉಗುಳಿದಳು. ಆಮೇಲೆ ತಿರುಗಿ, ಕಟ್ಟೆಯ ಮೇಲಿದ್ದ ತನ್ನ ಬಿಂದಿಗೆಯನ್ನು ಎತ್ತಿ ಕೆಳಗಿಟ್ಟು ಜಾಗ ಮಾಡಿದಳು. "ಪಾಪಕ್ಕ, ಬಾ. ಮೊದ್ಲು ನೀನ್ ಸೇದ್ಕೊ. ಬಿಸ್ಲೇರ್ತದೆ."

ಪಾಪಮ್ಮ ಕಟ್ಟೆ ಹತ್ತಿದರು. ಹಗ್ಗ ತೆಗೆದುಕೊಂಡು ಕೊಡ ಇಳಿಬಿಟ್ಟರು. ಕೊಡ ನೀರು ಮುಟ್ಟಿದ ಸದ್ದಿಗೆ ಎಲ್ಲರೂ ಒಂದು ಗಳಿಗೆ ಕೆಳಗೆ ನೋಡಿದರು. ಆಮೇಲೆ ಮಾತು ಬೇರೆ ಕಡೆ ಹೊರಳಿತು, ಯಾರದೋ ಎಮ್ಮೆ ಕರು ಹಾಕಿತ್ತು. ನಾನು ಅಲ್ಲಿ ನಿಂತಿರುವುದು ಯಾರಿಗೂ ನೆನಪಿರಲಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆಯಿತ್ತು. ರಸ್ತೆಗೆ ಹೋಗಿ ಕಾದೆ.